ಮರವಂತೆ ರಸ್ತೆ, ಅದಕ್ಕೂ ಹಿಂದಿನ ದಾರಿ

ಮರವಂತೆ ರಸ್ತೆಯ ಫೋಟೋ ನೋಡದವರು ಕಡಿಮೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ, ನಡುವೆ ಟಾರು ರಸ್ತೆ. ನಮ್ಮ ವಿಮಾನಪುರದ ಹುಡುಗರು ಎರಡು ದಿನ ರಜೆ ಸಿಕ್ಕಿದ್ರೆ ಸಾಕು, ಬೈಕ್ ಹತ್ತಿ ಅಲ್ಲಿಗೆ ಹೋಗಿ ಸೆಲ್ಫಿ ಹಾಕ್ತಾರೆ. ನಾನೂ ಹೋದ ಚಳಿಗಾಲದಲ್ಲಿ ತೆಂಗಿನ ಸಸಿ ನೋಡೋಕೆ ಅಂತ ಕುಂದಾಪುರದ ಕಡೆ ಹೋಗಿದ್ದವನು, ಅಲ್ಲಿ ಬಸ್ ಇಳಿದು ಅರ್ಧ ಗಂಟೆ ನಿಂತೆ. ಚೆನ್ನಾಗಿದೆ, ಸುಳ್ಳು ಹೇಳಬಾರದು.

ಮಾರಸ್ವಾಮಿ ದೇವಸ್ಥಾನದ ಹತ್ತಿರ ಬಲೆ ಸರಿ ಮಾಡ್ತಾ ಕೂತಿದ್ದ ಹಿರಿಯರನ್ನ ಕೇಳಿದೆ, "ಯಜಮಾನ್ರೇ, ಮೊದಲಿಂದಾನೂ ಈ ರಸ್ತೆ ಹೀಗೇ ಇತ್ತಾ?" ಅವರು ನಕ್ಕು, "ನಾವ್ ಸಣ್ಣ್ ಇಪ್ಪತಿಗೆ ಹೊಳಿ ದಾಟುಕೆ ದೋಣಿಯೇ ಗತಿ ಮಾರಾಯ್ರೆ" ಅಂದ್ರು. ಆ ಮಾತು ತಲೇಲಿ ಉಳೀತು. ಊರಿಗೆ ಬಂದಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ.

ಈ ಕರಾವಳಿ ದಾರಿ ಬಹಳ ಹಳೇದು. 1340ರ ಸುಮಾರಿಗೆ ಇಬ್ನ್ ಬತೂತಾ ಅನ್ನೋ ಮೊರಾಕೊ ದೇಶದ ಪ್ರಯಾಣಿಕ ಗೋವೆಯಿಂದ ಕೆಳಗೆ ಹೋಗೋ ದಾರಿ ಬಗ್ಗೆ ಬರೆದಿದ್ದಾನೆ. ದಾರಿಯುದ್ದಕ್ಕೂ ಮರದ ನೆರಳು, ಅರ್ಧರ್ಧ ಮೈಲಿಗೆ ಮರದ ತಂಗುದಾಣ, ಅಲ್ಲೊಂದು ಬಾವಿ. ಯಾರು ಬೇಕಾದರೂ ಕೂತು ದಣಿವಾರಿಸ್ಕೋಬಹುದು. ಗಾಡಿ ಕುದುರೆ ಇಲ್ಲ, ಹೊರೆ ಎಲ್ಲ ಮನುಷ್ಯರ ಬೆನ್ನ ಮೇಲೇ. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಪಾಠಶಾಲೆ ನೋಡಿದೆ ಅಂತಾನೂ ಬರೆದಿದ್ದಾನೆ. ಇದನ್ನ ಓದಿ ನಾನು ಎರಡು ಸಲ ಕಣ್ಣುಜ್ಜಿಕೊಂಡೆ. ಈಗ ಆ ರಸ್ತೆಯಲ್ಲಿ ನೆರಳೂ ಇಲ್ಲ, ಬಾವಿಯೂ ಇಲ್ಲ, ಟೋಲ್ ಗೇಟ್ ಇದೆ.

ಟಿಪ್ಪು ಸತ್ತಮೇಲೆ ಕಂಪನಿಯವರು ಬುಕಾನನ್ ಅನ್ನೋ ಡಾಕ್ಟರನ್ನ ಬೆಳೆ, ಭೂಮಿ ನೋಡ್ಕೊಂಡು ಬಾ ಅಂತ ಕಳಿಸಿದ್ರು. 1800ರಲ್ಲಿ ನಮ್ಮ ಬೆಂಗಳೂರನ್ನೂ ನೋಡಿದವನು ಅವನೇ. 1801ರಲ್ಲಿ ಮಂಗಳೂರು, ಉಡುಪಿ, ಕುಂದಾಪುರ, ಭಟ್ಕಳ, ಗೋಕರ್ಣ ಅಂತ ಕರಾವಳಿ ಹಿಡಿದು ಮೇಲಕ್ಕೆ ಹೋದ. ಹೊಳೆ ಬಂದಲ್ಲೆಲ್ಲ ದೋಣಿಯೇ.

ರಸ್ತೆ ಯಾಕೆ ಇಷ್ಟು ತಡವಾಯ್ತು ಅನ್ನೋದಕ್ಕೆ ನನಗೆ ಎರಡು ಕಾರಣ ಕಾಣಿಸ್ತು. ಸಮುದ್ರವೇ ರಸ್ತೆಯಾಗಿತ್ತು. ಅಕ್ಕಿ, ಹಂಚು, ಮೆಣಸು ಎಲ್ಲ ಪತ್ತೇಮಾರಿ ಹಡಗಿನಲ್ಲಿ ಹೋಗ್ತಿತ್ತು, ಮಳೆಗಾಲದಲ್ಲಿ ಮಾತ್ರ ಬಂದ್. ಬ್ರಿಟಿಷರಿಗೆ ಬೇಕಾಗಿದ್ದು ಘಟ್ಟದ ಮೇಲಿನ ಹತ್ತಿ, ಕಾಫಿ ಬಂದರಿಗೆ ಇಳಿಸೋ ರಸ್ತೆ; ಊರಿಂದ ಊರಿಗೆ ಕರಾವಳಿ ಉದ್ದಕ್ಕೂ ಹೋಗೋ ರಸ್ತೆಯಲ್ಲಿ ಅವರಿಗೇನು ಲಾಭ? ಜೊತೆಗೆ 1862ರಲ್ಲಿ ಉತ್ತರ ಕನ್ನಡವನ್ನ ಮುಂಬೈ ಪ್ರಾಂತ್ಯಕ್ಕೆ ಸೇರಿಸಿ, ದಕ್ಷಿಣ ಕನ್ನಡವನ್ನ ಮದ್ರಾಸಿಗೇ ಬಿಟ್ರು. ಕಾರವಾರದವರು ಮುಂಬೈ ಕಡೆ ನೋಡಬೇಕು, ಮಂಗಳೂರಿನವರು ಮದ್ರಾಸ್ ಕಡೆ. ಎರಡೂ ಒಂದೇ ರಾಜ್ಯಕ್ಕೆ ಬಂದದ್ದು 1956ರಲ್ಲಿ.

ಬಸ್ ಬಂದಮೇಲೂ ಹೊಳೆ ತನಕ ಒಂದು ಬಸ್ಸು, ಇಳಿದು ದೋಣಿ, ಆಚೆ ದಡದಲ್ಲಿ ಇನ್ನೊಂದು ಬಸ್ಸು. ಗಾಡಿ ದಾಟಿಸೋಕೆ ಎರಡು ದೋಣಿ ಜೋಡಿಸಿ ಹಲಗೆ ಹಾಸಿದ ಜಂಗಲ್. ಹೊಳೆ ಅಂದ್ರೆ ಒಂದೆರಡಲ್ಲ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಸೌಪರ್ಣಿಕಾ, ಸೀತಾ, ಸ್ವರ್ಣಾ, ಶಾಂಭವಿ, ಫಲ್ಗುಣಿ, ನೇತ್ರಾವತಿ. ಎಲ್ಲವೂ ಸಮುದ್ರ ಸೇರೋ ಕಡೆ ಅಗಲವಾಗಿ ಹರಡಿಕೊಂಡಿರ್ತವೆ. ಅದಕ್ಕೇ ಈ ರಸ್ತೆಯ ಕಥೆ ಅಂದ್ರೆ ಸೇತುವೆಗಳ ಕಥೆ. ಸಂಸದರಾಗಿದ್ದ ಯು. ಶ್ರೀನಿವಾಸ ಮಲ್ಯರು ಇದಕ್ಕೆ ಹಟ ಹಿಡಿದು ಓಡಾಡಿದ್ರು ಅಂತ ಮಂಗಳೂರಿನ ಕಡೆ ಈಗಲೂ ನೆನೀತಾರೆ. ಅವರು 1965ರಲ್ಲಿ ತೀರಿಕೊಂಡ್ರು. ಹೆದ್ದಾರಿ 17 ಅಂತಿದ್ದದ್ದು ಆಮೇಲೆ 66 ಆಯ್ತು, ಪನ್ವೇಲಿನಿಂದ ಕನ್ಯಾಕುಮಾರಿವರೆಗೆ. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡೋ ತನಕ ಆ ಊರುಗಳಿಗೆಲ್ಲ ಇದೊಂದೇ ಆಧಾರ.

ಕೊಟ್ಟವರ ಲೆಕ್ಕವೂ ಇದೆ. ಕಾರವಾರದ ಹತ್ತಿರ ನೌಕಾನೆಲೆಗಾಗಿ ಮೀನುಗಾರರು, ರೈತರು ಊರೂರೇ ಬಿಟ್ಟು ಎದ್ದರು. 2005ರಲ್ಲಿ ಐಎನ್‌ಎಸ್ ಕದಂಬ ಶುರುವಾಯ್ತು. ನಮಗೆ ಇದು ಹೊಸ ಮಾತಲ್ಲ. 1940ರಲ್ಲಿ ವಿಮಾನ ಕಾರ್ಖಾನೆಗೆ ಮೈಸೂರು ಸರ್ಕಾರ 700 ಎಕರೆ ಕೊಟ್ಟ ಮೇಲೆ ತಾನೇ ನಮ್ಮೂರಿಗೆ ವಿಮಾನಪುರ ಅಂತ ಹೆಸರು ಬಂದದ್ದು. ದೇಶಕ್ಕೆ ಬೇಕಿತ್ತು, ಒಪ್ಪುತ್ತೀನಿ. ಆದ್ರೆ ಬೋರ್ಡಿನ ಮೇಲೆ ವಿಮಾನ ಇರುತ್ತೆ, ಅಲ್ಲಿ ರಾಗಿ ಬೆಳೀತಿದ್ದವನ ಹೆಸರು ಇರಲ್ಲ.

ಆಮೇಲೆ ನಾಲ್ಕು ಪಥ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಸ್ತೆ ಅಗಲ ಮಾಡೋಕೆ ಬುಡ ಕಡಿದಿದ್ದ ಗುಡ್ಡ ಮಳೆಗೆ ಕುಸಿದು ಬಂತು. ರಸ್ತೆ ಬದಿಯ ಚಹಾ ಅಂಗಡಿ, ಅದನ್ನ ನಡೆಸ್ತಿದ್ದ ಕುಟುಂಬ, ನಿಂತಿದ್ದ ಲಾರಿ ಎಲ್ಲ ಗಂಗಾವಳಿಗೆ ಹೋಯ್ತು. ಮಣ್ಣು ಬಿದ್ದ ಹೊಡೆತಕ್ಕೆ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೂ ನುಗ್ಗಿತು. ಕೇರಳದ ಒಂದು ಲಾರಿಯನ್ನ, ಒಳಗಿದ್ದ ಡ್ರೈವರನ ಶವದ ಸಮೇತ ಹೊಳೆಯಿಂದ ಎತ್ತಿದ್ದು ಸೆಪ್ಟೆಂಬರ್ 25ಕ್ಕೆ. ಹೊಲದ ಬದು ಕಡಿಯೋವಾಗಲೂ ನಾವು ಇಳಿಜಾರು ಬಿಟ್ಟು ಕಡೀತೀವಿ. ಗೋಡೆ ಥರ ನೆಟ್ಟಗೆ ಕಡಿದ್ರೆ, ಮೇಲಿನ ನೀರಿಗೆ ದಾರಿ ಬಿಡದಿದ್ರೆ, ಮೊದಲನೇ ಜೋರು ಮಳೆಗೇ ಬದು ಕೂರುತ್ತೆ. ಎಸ್ಸೆಸ್ಸೆಲ್ಸಿ ಓದಿದವನಿಗೆ ಗೊತ್ತಿರೋ ವಿಷಯ ಇದು.

ಅದಾಗಿ ತಿಂಗಳೂ ಆಗಿರಲಿಲ್ಲ, ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೇ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಡ್ರೈವರ್ ಹೇಗೋ ಲಾರಿ ಮೇಲೆ ಹತ್ತಿ ನಿಂತಿದ್ದ. ಅವನನ್ನ ದಡಕ್ಕೆ ತಂದವರಲ್ಲಿ ಅಲ್ಲಿನ ಮೀನುಗಾರರೂ ಇದ್ರು, ದೋಣಿ ತಗೊಂಡು ಹೋಗಿ.

ಮರವಂತೆಯಲ್ಲೂ ಕಡಲು ರಸ್ತೆಯನ್ನ ತಿನ್ನದ ಹಾಗೆ ನೀರಿಗೆ ಅಡ್ಡಲಾಗಿ ಕಲ್ಲಿನ ಸಾಲು ಹಾಕಿದ್ದಾರೆ. ಸೆಲ್ಫಿ ತೆಗೆಯೋರು ಅದರ ಮೇಲೇ ಹತ್ತಿ ನಿಲ್ತಾರೆ. ಆ ಹಿರಿಯರು ಬಲೆಯಿಂದ ತಲೆ ಎತ್ತಿ ಒಂದ್ಸಲ ಅವರ ಕಡೆ ನೋಡಿ, ಮತ್ತೆ ಗಂಟು ಹಾಕೋಕೆ ಶುರು ಮಾಡಿದ್ರು.

ಸಸಿ 20 ತಂದೆ, 17 ಹತ್ತಿವೆ. ಅದರ ವಿಷಯ ಇನ್ನೊಂದು ದಿನ ಬರೀತೀನಿ.