ಬಂಡೀಪುರ: ಹುಲಿಯ ನೆಲೆಯಲ್ಲಿ ಸಫಾರಿ

ಕರ್ನಾಟಕದ ದಕ್ಷಿಣ ತುದಿಯಲ್ಲಿ, ತಮಿಳುನಾಡು ಹಾಗೂ ಕೇರಳದ ಗಡಿಗೆ ಹೊಂದಿಕೊಂಡಿರುವ ಬಂಡೀಪುರವು ರಾಜ್ಯದ ಅತ್ಯಂತ ಪ್ರಸಿದ್ಧ ವನ್ಯಧಾಮಗಳಲ್ಲೊಂದು. ಇದು ರಾಷ್ಟ್ರೀಯ ಉದ್ಯಾನವೂ ಹೌದು, ಹುಲಿ ಸಂರಕ್ಷಿತ ಪ್ರದೇಶವೂ ಹೌದು. ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲೂಕಿನಲ್ಲಿ ಇದರ ಬಹುಭಾಗವಿದ್ದು, ಉಳಿದ ಭಾಗ ಮೈಸೂರು ಜಿಲ್ಲೆಗೆ ಚಾಚಿಕೊಂಡಿದೆ. ಹುಲಿಯನ್ನು ಕಣ್ಣಾರೆ ಕಾಣಬೇಕೆಂಬ ಆಸೆಯಿಂದ ನಾಡಿನ ಎಲ್ಲ ಭಾಗಗಳಿಂದ ಜನ ಇಲ್ಲಿಗೆ ಬರುತ್ತಾರೆ. ಆದರೆ ಈ ಕಾಡನ್ನು ಕಾಯುತ್ತಿರುವುದು ಪ್ರವಾಸಿಗರಿಗಾಗಿ ಅಲ್ಲ. ಸಫಾರಿ ಎಂಬುದು ಹುಲಿಯ ನೆಲೆಯಲ್ಲಿ ಮನುಷ್ಯನಿಗೆ ದೊರೆತಿರುವ ಸೀಮಿತ ಅವಕಾಶ ಮಾತ್ರ. ಅದನ್ನು ಅರಿತು ಹೋದವರಿಗೆ ಕಾಡು ಹೆಚ್ಚು ಕಾಣಿಸುತ್ತದೆ.

ಬೇಟೆಯ ಕಾಡಿನಿಂದ ರಕ್ಷಿತಾರಣ್ಯಕ್ಕೆ

ಬಂಡೀಪುರ ಒಂದು ಕಾಲಕ್ಕೆ ಮೈಸೂರು ಅರಸರ ಬೇಟೆಯ ಕಾಡಾಗಿತ್ತು. 1931ರಲ್ಲಿ ಸುಮಾರು 90 ಚದರ ಕಿ.ಮೀ. ಪ್ರದೇಶವನ್ನು ವನ್ಯಜೀವಿಗಳಿಗಾಗಿ ಕಾಯ್ದಿರಿಸಲಾಯಿತು. 1941ರಲ್ಲಿ ಅದನ್ನು ಸುಮಾರು 800 ಚದರ ಕಿ.ಮೀ.ಗೆ ವಿಸ್ತರಿಸಿ, ವೇಣುಗೋಪಾಲ ವನ್ಯಜೀವಿ ಉದ್ಯಾನ ಎಂದು ಹೆಸರಿಡಲಾಯಿತು. ಅಲ್ಲಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದೇವರಿಂದ ಬಂದ ಹೆಸರಿದು.

1972ರ ಗಣತಿಯಲ್ಲಿ ದೇಶದಲ್ಲಿ 1,827 ಹುಲಿಗಳಷ್ಟೇ ಉಳಿದಿವೆ ಎಂದು ತಿಳಿದಾಗ ಕೇಂದ್ರ ಸರಕಾರ ಎಚ್ಚೆತ್ತುಕೊಂಡಿತು. 1973ರ ಏಪ್ರಿಲ್ 1ರಂದು ಆರಂಭವಾದ ಹುಲಿ ಯೋಜನೆಗೆ ಮೊದಲಿಗೆ ಆಯ್ಕೆಯಾದ ಒಂಬತ್ತು ಅರಣ್ಯಗಳಲ್ಲಿ ಬಂಡೀಪುರವೂ ಒಂದು. ನಂತರದ ವರ್ಷಗಳಲ್ಲಿ ಭದ್ರಾ, ನಾಗರಹೊಳೆ, ಕಾಳಿ ಹಾಗೂ ಬಿಳಿಗಿರಿರಂಗನಬೆಟ್ಟಗಳು ಸೇರಿ ರಾಜ್ಯದ ಹುಲಿ ಸಂರಕ್ಷಿತ ಪ್ರದೇಶಗಳ ಸಂಖ್ಯೆ ಐದಕ್ಕೇರಿತು.

ಐವತ್ತು ವರ್ಷಗಳ ಈ ಕಾವಲಿಗೆ ಫಲ ದೊರೆತಿದೆ. 2022ರ ರಾಷ್ಟ್ರೀಯ ಅಂದಾಜಿನ ಪ್ರಕಾರ ಕರ್ನಾಟಕದಲ್ಲಿ 563 ಹುಲಿಗಳಿದ್ದವು. ಮಧ್ಯಪ್ರದೇಶದ ನಂತರ ದೇಶದಲ್ಲಿ ಎರಡನೇ ಸ್ಥಾನ ಇದು. ಬಂಡೀಪುರದೊಳಗೇ 150 ಹುಲಿಗಳನ್ನು ಅಂದಾಜಿಸಲಾಗಿತ್ತು. ಇವುಗಳನ್ನು ಎಣಿಸುವುದು ಹೆಜ್ಜೆ ಗುರುತಿನಿಂದಲ್ಲ. ಮನುಷ್ಯನ ಬೆರಳಚ್ಚಿನಂತೆ ಪ್ರತಿ ಹುಲಿಯ ಮೈಪಟ್ಟೆಯೂ ಭಿನ್ನ. ದಾರಿಯ ಇಕ್ಕೆಲಗಳಲ್ಲಿ ಇರಿಸಿದ ಸ್ವಯಂಚಾಲಿತ ಕ್ಯಾಮೆರಾಗಳ ಚಿತ್ರಗಳನ್ನು ಹೋಲಿಸಿ ಒಂದೊಂದನ್ನೂ ಗುರುತಿಸಲಾಗುತ್ತದೆ. ಈ ವಿಧಾನವನ್ನು 1990ರ ದಶಕದ ಆರಂಭದಲ್ಲಿ ನೆರೆಯ ನಾಗರಹೊಳೆಯಲ್ಲಿ ಬೆಳೆಸಿದವರು ವನ್ಯಜೀವಿ ವಿಜ್ಞಾನಿ ಡಾ. ಉಲ್ಲಾಸ ಕಾರಂತ.

ಕಾಡಿನ ಸ್ವರೂಪ

ಬಂಡೀಪುರದ ಉತ್ತರಕ್ಕೆ ಕಬಿನಿ, ದಕ್ಷಿಣಕ್ಕೆ ಮೊಯಾರ್ ನದಿಗಳಿವೆ. ನಾಗರಹೊಳೆ, ತಮಿಳುನಾಡಿನ ಮುದುಮಲೆ, ಕೇರಳದ ವಯನಾಡು ಅರಣ್ಯಗಳು ಇದಕ್ಕೆ ತಾಗಿಕೊಂಡಿದ್ದು, ಎಲ್ಲವೂ ಸೇರಿ ನೀಲಗಿರಿ ಜೀವಗೋಳದ ಭಾಗವಾಗಿವೆ. ಆನೆಗೂ ಹುಲಿಗೂ ರಾಜ್ಯಗಳ ಗಡಿ ತಿಳಿಯದು. ಬೇಸಿಗೆಯಲ್ಲಿ ನೀರು ಅರಸಿ ಅವು ಒಂದು ಕಾಡಿನಿಂದ ಇನ್ನೊಂದಕ್ಕೆ ದಾಟುತ್ತವೆ.

ಇಲ್ಲಿನದು ಬಹುಪಾಲು ಒಣ ಎಲೆಯುದುರುವ ಕಾಡು. ತೇಗ, ಮತ್ತಿ, ದಿಂಡಿಗ, ಹೊನ್ನೆ ಮರಗಳ ನಡುವೆ ಹುಲ್ಲು ಬೆಳೆಯುತ್ತದೆ. ಚುಕ್ಕೆ ಜಿಂಕೆ, ಕಡವೆ, ಕಾಟಿಗಳಿಗೆ ಈ ಹುಲ್ಲೇ ಆಧಾರ, ಹುಲಿಗೆ ಈ ಪ್ರಾಣಿಗಳೇ ಆಧಾರ. ಹೊರಗಿನಿಂದ ಬಂದ ಲಂಟಾನ ಗಿಡ ವ್ಯಾಪಕವಾಗಿ ಹಬ್ಬಿ ಹುಲ್ಲಿನ ಜಾಗವನ್ನು ಕಬಳಿಸಿರುವುದು ಅರಣ್ಯ ಇಲಾಖೆಯ ದೊಡ್ಡ ಚಿಂತೆ. ಬೇಸಿಗೆಯ ಬೆಂಕಿ ಇನ್ನೊಂದು ಚಿಂತೆ. 2019ರ ಫೆಬ್ರವರಿಯಲ್ಲಿ ಎದ್ದ ಕಾಳ್ಗಿಚ್ಚು ಗೋಪಾಲಸ್ವಾಮಿ ಬೆಟ್ಟದ ಆಸುಪಾಸಿನ ವಿಶಾಲ ಪ್ರದೇಶವನ್ನು ಸುಟ್ಟುಹಾಕಿತ್ತು.

ಸಫಾರಿಯ ಕ್ರಮ

ಹುಲಿಗಳ ಮೂಲ ನೆಲೆಯಲ್ಲಿ ಪ್ರವಾಸೋದ್ಯಮ ಎಷ್ಟಿರಬೇಕು ಎಂಬ ಪ್ರಶ್ನೆ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತ್ತು. 2012ರ ಜುಲೈನಲ್ಲಿ ನ್ಯಾಯಾಲಯ ಅದನ್ನು ತಾತ್ಕಾಲಿಕವಾಗಿ ನಿಷೇಧಿಸಿತು. ಹುಲಿ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿಯನ್ನು ಪ್ರಕಟಿಸಿದ ನಂತರ ಅಕ್ಟೋಬರ್‌ನಲ್ಲಿ ನಿಷೇಧ ತೆರವಾಯಿತು. ಆ ಮಾರ್ಗಸೂಚಿಯಂತೆ ಮೂಲ ನೆಲೆಯ ಶೇ. 20ಕ್ಕಿಂತ ಹೆಚ್ಚಿನ ಭಾಗವನ್ನು ಪ್ರವಾಸಕ್ಕೆ ಬಳಸುವಂತಿಲ್ಲ. ಆದ್ದರಿಂದ ಸಫಾರಿ ವಾಹನ ಸಾಗುವುದು ನಿಗದಿತ ದಾರಿಗಳಲ್ಲಿ ಮಾತ್ರ. ಕಾಡಿನ ಬಹುಭಾಗ ಯಾವ ಪ್ರವಾಸಿಗೂ ಕಾಣದೆ ಉಳಿಯುತ್ತದೆ.

ಸಫಾರಿ ಬೆಳಿಗ್ಗೆ ಮತ್ತು ಸಂಜೆ ಎರಡು ಸರದಿಗಳಲ್ಲಿ ನಡೆಯುವುದು ರೂಢಿ. ಅರಣ್ಯ ಇಲಾಖೆಯ ಬಸ್ಸು ಹಾಗೂ ಜೀಪುಗಳಿವೆ. ಸರಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್ ಸಂಸ್ಥೆಯ ವಸತಿಧಾಮದಲ್ಲಿ ತಂಗುವವರಿಗೆ ಆ ಸಂಸ್ಥೆಯ ವಾಹನಗಳಿವೆ. ಹಿಂದೆ ಬಂಡೀಪುರದ ಒಳಗೇ ಇದ್ದ ಇಲಾಖೆಯ ಸಫಾರಿ ಕೇಂದ್ರವನ್ನು ಕಾಡಿನ ಒತ್ತಡ ತಗ್ಗಿಸಲು ಅಂಚಿನ ಮೇಲುಕಾಮನಹಳ್ಳಿಗೆ ಸ್ಥಳಾಂತರಿಸಲಾಯಿತು. ವಾಹನದಿಂದ ಇಳಿಯುವುದು, ಪ್ರಾಣಿಗಳಿಗೆ ತಿನ್ನಲು ಕೊಡುವುದು, ಗದ್ದಲ ಮಾಡುವುದು, ಪ್ಲಾಸ್ಟಿಕ್ ಎಸೆಯುವುದು ನಿಷಿದ್ಧ. ಹಸಿರು ಅಥವಾ ಮಣ್ಣಿನ ಬಣ್ಣದ ಉಡುಪು ಸೂಕ್ತ.

ಹುಲಿ ಕಾಣುವುದು ಅದೃಷ್ಟದ ಮಾತು. 2017ರಲ್ಲಿ ಮೃತಪಟ್ಟ ‘ಪ್ರಿನ್ಸ್’ ಎಂಬ ಗಂಡು ಹುಲಿ ಪ್ರವಾಸಿಗರಿಗೆ ಮೇಲಿಂದ ಮೇಲೆ ದರ್ಶನ ನೀಡಿ ಪ್ರಸಿದ್ಧವಾಗಿತ್ತಾದರೂ ಅಂಥ ಹುಲಿಗಳು ವಿರಳ. ಅನುಭವಿ ಚಾಲಕರು ಕಣ್ಣಿಗಿಂತ ಕಿವಿಯನ್ನು ನಂಬುತ್ತಾರೆ. ಮರದ ಮೇಲಿನ ಮುಸುವ ಕೂಗಿದರೆ, ಕಡವೆ ಎಚ್ಚರಿಕೆಯ ದನಿ ತೆಗೆದರೆ, ಮೇಯುತ್ತಿದ್ದ ಜಿಂಕೆಗಳು ಒಂದೇ ದಿಕ್ಕಿಗೆ ಕಿವಿ ನಿಮಿರಿಸಿ ನಿಂತರೆ, ಹುಲಿಯೋ ಚಿರತೆಯೋ ಹತ್ತಿರದಲ್ಲಿದೆ ಎಂದರ್ಥ. ವಾಹನದಲ್ಲಿ ಮಾತು ನಿಂತರೆ ಮಾತ್ರ ಈ ದನಿಗಳು ಕೇಳಿಸುತ್ತವೆ. ಹುಲಿ ಕಾಣದ ದಿನವೂ ಆನೆ ಹಿಂಡು, ಸೀಳುನಾಯಿ, ಕಾಟಿ, ನವಿಲುಗಳು ಕಾಣಸಿಗಬಹುದು.

ಅಂಚಿನ ಊರುಗಳ ಬವಣೆ

ಕಾಡಿನ ಗಡಿ ಮುಗಿದಲ್ಲಿಂದಲೇ ಹೊಲಗಳು ಆರಂಭವಾಗುತ್ತವೆ. ಹುಲಿಗಳು ಹೆಚ್ಚಿದಂತೆ ನೆಲೆಗಾಗಿ ಪೈಪೋಟಿಯೂ ಹೆಚ್ಚುತ್ತದೆ. ಸೋತ ಮುದಿ ಹುಲಿಗಳು ಹಾಗೂ ತಾಯಿಯನ್ನು ಅಗಲಿದ ಎಳೆ ಹುಲಿಗಳು ಅಂಚಿಗೆ ಸರಿಯುತ್ತವೆ. ಅಲ್ಲಿ ಅವುಗಳಿಗೆ ಎದುರಾಗುವುದು ರೈತರ ದನಕರುಗಳು, ಕೆಲವೊಮ್ಮೆ ರೈತರೇ. ಜೇನುಕುರುಬ, ಕಾಡುಕುರುಬ, ಸೋಲಿಗರ ಹಾಡಿಗಳೂ ಈ ಅಂಚಿನಲ್ಲೇ ಇವೆ.

2025ರಲ್ಲಿ ಈ ಸಂಘರ್ಷದ ಎರಡು ಮುಖಗಳೂ ಕಾಣಿಸಿದವು. ಜೂನ್‌ನಲ್ಲಿ ಅದೇ ಚಾಮರಾಜನಗರ ಜಿಲ್ಲೆಯ ಮಲೆಮಹದೇಶ್ವರ ವನ್ಯಧಾಮದಲ್ಲಿ ಒಂದು ತಾಯಿ ಹುಲಿ ಹಾಗೂ ನಾಲ್ಕು ಮರಿಗಳು ವಿಷಪ್ರಾಶನದಿಂದ ಸತ್ತವು. ಅಕ್ಟೋಬರ್–ನವೆಂಬರ್‌ನಲ್ಲಿ ಸರಗೂರು ತಾಲೂಕಿನ ಕಾಡಂಚಿನಲ್ಲಿ ಹುಲಿ ದಾಳಿಗೆ ರೈತರು ಬಲಿಯಾದರು. ನವೆಂಬರ್ 7ರಂದು ಅರಣ್ಯ ಸಚಿವ ಈಶ್ವರ ಖಂಡ್ರೆ ಬಂಡೀಪುರ ಹಾಗೂ ನಾಗರಹೊಳೆಯಲ್ಲಿ ಸಫಾರಿ ಮತ್ತು ಚಾರಣವನ್ನು ಸ್ಥಗಿತಗೊಳಿಸಲು ಆದೇಶಿಸಿ, ಸಿಬ್ಬಂದಿಯನ್ನು ಹುಲಿ ಸೆರೆ ಕಾರ್ಯಾಚರಣೆಗೆ ನಿಯೋಜಿಸುವಂತೆ ಸೂಚಿಸಿದರು. ಸಫಾರಿಯನ್ನು ನೆಚ್ಚಿದ ವಸತಿಗೃಹಗಳು, ಚಾಲಕರು, ಅಂಗಡಿಯವರು ಏಕಾಏಕಿ ಕೆಲಸವಿಲ್ಲದವರಾದರು. ಅಂಚಿನ ಊರುಗಳಲ್ಲಿ ನೆಮ್ಮದಿ ಇದ್ದರೆ ಮಾತ್ರ ಒಳಗೆ ಸಫಾರಿ ಎಂಬ ಸತ್ಯ ಇದರಿಂದ ಸ್ಪಷ್ಟವಾಯಿತು.

ಪ್ರಯಾಣಿಕರ ಗಮನಕ್ಕೆ

ಬಂಡೀಪುರ ಮೈಸೂರಿನಿಂದ ಸುಮಾರು 80 ಕಿ.ಮೀ., ಬೆಂಗಳೂರಿನಿಂದ ಸುಮಾರು 220 ಕಿ.ಮೀ. ದೂರದಲ್ಲಿದೆ. ನಂಜನಗೂಡು, ಗುಂಡ್ಲುಪೇಟೆ ದಾಟಿ ಊಟಿ ರಸ್ತೆಯಲ್ಲಿ ಸಾಗಬೇಕು. ಕಾಡಿನ ಮೂಲಕ ಹಾದುಹೋಗುವ ಊಟಿ ಹಾಗೂ ವಯನಾಡು ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ವಾಹನಗಳಿಗೆ ಪ್ರವೇಶವಿಲ್ಲ; ತಪ್ಪಲಿನಿಂದ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ತೆರಳಬೇಕು.

ರಾಯಚೂರು, ಮಾನ್ವಿ, ದೇವದುರ್ಗ, ಕಲ್ಲೂರು ಭಾಗದವರಿಗೆ ಇದು ಐದುನೂರು ಕಿ.ಮೀ.ಗೂ ಮೀರಿದ ಪಯಣ. ರಾಯಚೂರಿನಿಂದ ಗುಂತಕಲ್ ಮಾರ್ಗವಾಗಿ ರೈಲಿನಲ್ಲಿ ಬೆಂಗಳೂರು ಸೇರಿ, ಅಲ್ಲಿಂದ ಮೈಸೂರಿಗೆ ಬರುವುದು ಅನುಕೂಲಕರ. ಕಲ್ಯಾಣ ಕರ್ನಾಟಕದಲ್ಲಿ ಹುಲಿ ಸಂರಕ್ಷಿತ ಪ್ರದೇಶವಿಲ್ಲ. ಉತ್ತರ ಕನ್ನಡದ ಕಾಳಿ ಅರಣ್ಯ ಈ ಭಾಗದವರಿಗೆ ಹೆಚ್ಚು ಸಮೀಪ. ಹಂಪಿಯ ಬಳಿಯ ದರೋಜಿ ಕರಡಿಧಾಮವನ್ನು ಒಂದೇ ದಿನದಲ್ಲಿ ನೋಡಿ ಬರಬಹುದು.

ಸಫಾರಿಯ ವೇಳೆ, ದರ ಹಾಗೂ ಲಭ್ಯತೆ ಇಲಾಖೆಯ ಆದೇಶಕ್ಕೆ ತಕ್ಕಂತೆ ಬದಲಾಗುತ್ತವೆ. ಆದ್ದರಿಂದ ವಸತಿ ಕಾಯ್ದಿರಿಸುವ ಮುನ್ನ ಅರಣ್ಯ ಇಲಾಖೆಯ ಜಾಲತಾಣದಲ್ಲಿ ಖಚಿತಪಡಿಸಿಕೊಳ್ಳುವುದು ಒಳಿತು. ಬೆಂಕಿಯ ಭೀತಿ ಹೆಚ್ಚಾದಾಗ ಅಥವಾ ಊರಂಚಿನಲ್ಲಿ ಹುಲಿಯ ಹಾವಳಿ ಎದ್ದಾಗ ಬಾಗಿಲು ಮುಚ್ಚಿದರೆ ಪ್ರವಾಸಿಗರು ಬೇಸರಿಸಬೇಕಿಲ್ಲ. ಕಾಡೂ ಅದರ ಅಂಚಿನ ಜನರೂ ಉಳಿದರೆ ಮುಂದಿನ ಬಾರಿ ನೋಡಲು ಹುಲಿಯೂ ಉಳಿದಿರುತ್ತದೆ.