ಕೋಟೆಯ ಸೀಮೆಯಲ್ಲಿ ಮಗುವಿನ ಜೀವನಾಂಶ

ದಂಪತಿಗಳು ವಿಧಿವತ್ತಾಗಿ ಬೇರೆಯಾಗುವುದು 1955ರ ಹಿಂದೂ ವಿವಾಹ ಕಾಯಿದೆಯಿಂದ ನಮ್ಮ ನಾಡಿಗೆ ಬಂದ ನೂತನ ಪದ್ಧತಿಯೆಂದು ಭಾವಿಸುವವರು ಇಂದಿಗೂ ಉಂಟು. ಕಪಿಲೆಯ ಇಕ್ಕೆಲಗಳಲ್ಲಿ, ಕಾಡು ಮುಗಿದು ಹೊಲ ಮೊದಲಾಗುವೆಡೆಯಲ್ಲಿ ಹರಡಿಕೊಂಡಿರುವ ಹೆಗ್ಗಡದೇವನಕೋಟೆಯ ಸೀಮೆಯ ಪೂರ್ವವೃತ್ತಾಂತವನ್ನು ಬಲ್ಲವರು ಹಾಗೆ ಹೇಳಲಾರರು. ಕೆಲವು ಜಾತಿಗಳಲ್ಲಿ ವಿವಾಹವು ಬಿಡಿಸಲಾಗದ ಸಂಸ್ಕಾರವೆನಿಸಿದ್ದ ಕಾಲದಲ್ಲಿಯೇ, ಬೇಸಾಯಗಾರರ, ಕುರಿಗಾಹಿಗಳ, ಕಾಡಿನವರ ಅನೇಕ ಕುಲಗಳಲ್ಲಿ ಯಜಮಾನರ ಸಮಕ್ಷಮದಲ್ಲಿ ಬಿಡುಗಡೆಯೂ, ಬಿಡುಗಡೆಯಾದವಳಿಗೆ ಕೂಡಿಕೆ ಅಥವಾ ಸೀರುಡಿಕೆಯೆಂಬ ಮರುಮದುವೆಯೂ ನಡೆಯುತ್ತಿದ್ದುವು. ಎಚ್. ವಿ. ನಂಜುಂಡಯ್ಯನವರು ಆರಂಭಿಸಿ ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರು ಮುಂದುವರಿಸಿದ, ಮೈಸೂರಿನ ಜಾತಿ ಬುಡಕಟ್ಟುಗಳನ್ನು ಕುರಿತ ಬೃಹತ್ಸಂಪುಟಗಳಲ್ಲಿ ಇಂಥ ಪದ್ಧತಿಗಳು ಪದೇ ಪದೇ ಕಾಣಸಿಗುತ್ತವೆ.

ಯಜಮಾನರ ಆ ನ್ಯಾಯದಲ್ಲಿ ವರನ ಕಡೆಯವರು ಕೊಟ್ಟ ತೆರಕ್ಕೆ ಲೆಕ್ಕವಿತ್ತು, ಒಡವೆಗೆ ಲೆಕ್ಕವಿತ್ತು, ಹೊಸ ಗಂಡನು ಹಳೆಯ ಗಂಡನಿಗೆ ತೆರಬೇಕಾದ ಮದುವೆಯ ಖರ್ಚಿಗೂ ಲೆಕ್ಕವಿತ್ತು. ಮಗುವಿನ ಲೆಕ್ಕ ಮಾತ್ರ ಬೇರೆ ಬಗೆಯದು. ಮಗು ಸಾಮಾನ್ಯವಾಗಿ ತಂದೆಯ ಕುಲದ್ದು. ಮೊಲೆಯುಣ್ಣುವ ಕೂಸಾದರೆ ತಾಯೊಡನೆ ಹೋಗಿ, ಬೆಳೆದ ಮೇಲೆ ತಂದೆಯ ಮನೆಗೆ ಮರಳತಕ್ಕದ್ದು. ಈ ನಡುಗಾಲದ ಅನ್ನವಸ್ತ್ರಗಳಿಗಾಗಿ ತಂದೆಯ ಮನೆಯಿಂದ ರಾಗಿಯೋ ಬಟ್ಟೆಯೋ ಸಂದಾಯವಾದರೆ, ಆ ಧಾನ್ಯರೂಪದ ಸಂದಾಯಕ್ಕೆ ಒಂದು ಗುಣವಿತ್ತು: ಪೇಟೆಯ ಧಾರಣೆ ಏರಲಿ, ಇಳಿಯಲಿ, ಕೊಳಗ ರಾಗಿ ಕೊಳಗ ರಾಗಿಯಾಗಿಯೇ ಉಳಿಯುತ್ತಿತ್ತು. ದೋಷವೂ ಇತ್ತು: ಅದು ಮಗುವಿನ ಹಕ್ಕಾಗಿರದೆ ಹಿರಿಯರ ದಾಕ್ಷಿಣ್ಯಕ್ಕೆ ಕಟ್ಟುಬಿದ್ದುದಾಗಿತ್ತು, ತಂದೆ ಊರು ಬಿಟ್ಟರೆ ಯಜಮಾನರ ಮಾತು ಅವನನ್ನು ಬೆನ್ನಟ್ಟಿ ಹೋಗುತ್ತಿರಲಿಲ್ಲ.

ಎಳೆಯ ಮಕ್ಕಳ ಪೋಷಣೆಯನ್ನು ಮಿತಾಕ್ಷರದ ಕರ್ತೃವಾದ ವಿಜ್ಞಾನೇಶ್ವರನೇ ಮೊದಲಾದ ಧರ್ಮಶಾಸ್ತ್ರಜ್ಞರು ತಪ್ಪಿಸಿಕೊಳ್ಳಲಾಗದ ಕರ್ತವ್ಯವೆಂದು ಗಣಿಸಿದ್ದರು. ಆದರೆ ಆ ಕರ್ತವ್ಯವನ್ನು ನಿರ್ಗತಿಕಳಾದ ತಾಯಿಯೊಬ್ಬಳು ಮ್ಯಾಜಿಸ್ಟ್ರೇಟರ ಮುಂದೆ ನಿಂತು ಕೇಳಬಹುದಾದ ಮಾಸಿಕ ಹಣವಾಗಿ ಪರಿವರ್ತಿಸಿದುದು, ವಿಚಿತ್ರವೆಂಬಂತೆ, ಅಪರಾಧಗಳ ವಿಚಾರಣೆಗೆಂದು ರಚಿತವಾದ ದಂಡಪ್ರಕ್ರಿಯಾ ಸಂಹಿತೆ. 1898ರ ಸಂಹಿತೆಯ 488ನೆಯ ಕಲಮು ಗೊತ್ತುಪಡಿಸಿದ ಗರಿಷ್ಠ ಮೊಬಲಗು ತಿಂಗಳಿಗೆ 50 ರೂಪಾಯಿ. 1923ರಲ್ಲಿ ಅದು 100 ಆಯಿತು, 1955ರಲ್ಲಿ 500. ಅದರ ಬೆನ್ನಿಗೇ ಇದ್ದ 489ನೆಯ ಕಲಮು, ಸ್ಥಿತಿಗತಿಗಳು ಬದಲಾದುದು ರುಜುವಾತಾದರೆ ಮೊಬಲಗನ್ನು ಮಾರ್ಪಡಿಸಬಹುದೆಂದು ಸಾರಿತು. ಸಂಹಿತೆಯನ್ನು ಬರೆದವರಿಗೆ ಒಂದು ಸತ್ಯ ತಿಳಿದಿತ್ತು: ಧಾನ್ಯದಂತೆ ನಾಣ್ಯವು ತನ್ನ ಬೆಲೆಯನ್ನು ತಾನೇ ಕಾಪಾಡಿಕೊಳ್ಳಲಾರದು, ಆದುದರಿಂದ ಹಣದಲ್ಲಿ ಕಟ್ಟಿದ ಜೀವನಾಂಶಕ್ಕೆ ತಿದ್ದುಪಡಿಯ ದಾರಿಯನ್ನೂ ಜೊತೆಯಲ್ಲಿಯೇ ಬಿಡಬೇಕು.

ಆದರೆ ಆ ದಾರಿಗೆ ಗರಿಷ್ಠ ಮಿತಿಯೆಂಬ ಗೋಡೆ ಅಡ್ಡವಾಯಿತು. 1973ರ ಹೊಸ ಸಂಹಿತೆಯಲ್ಲಿ ಈ ಕಲಮುಗಳು 125 ಮತ್ತು 127 ಎಂದು ಪುನರ್ಜನ್ಮ ತಾಳಿದರೂ 500 ರೂಪಾಯಿ ಹಾಗೆಯೇ ನಿಂತಿತು. ಆ ಮಿತಿ ಹೆಂಡತಿ ಮಕ್ಕಳೆಲ್ಲರಿಗೂ ಸೇರಿ ಅಲ್ಲ, ಒಬ್ಬೊಬ್ಬರಿಗೂ ಬೇರೆ ಬೇರೆಯೆಂದು 1978ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅರ್ಥೈಸಿ ತುಸು ಉಪಶಮನ ನೀಡಿತು. ಗೋಡೆ ಬಿದ್ದುದು 2001ರಲ್ಲಿ. ಅಷ್ಟರಲ್ಲಿ 46 ವರ್ಷಗಳು ಕಳೆದಿದ್ದುವು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ ವಿಧಿಗಳು 144 ಮತ್ತು 146 ಆಗಿವೆ.

ಕೋಟೆಯ ಸೀಮೆಗೆ ಈ ಸಂಹಿತೆಯ ಮಹತ್ತ್ವ ಬೇರೆಡೆಗಿಂತ ಅಧಿಕ. ಹಿಂದೂ ವಿವಾಹ ಕಾಯಿದೆಯ 26ನೆಯ ಕಲಮು ಮಕ್ಕಳ ಪಾಲನೆ, ಪೋಷಣೆ, ಶಿಕ್ಷಣಗಳ ಆಜ್ಞೆಯನ್ನು ಕಾಲಕಾಲಕ್ಕೆ ಬದಲಿಸುವ ವಿಶಾಲವಾದ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿದೆಯಾದರೂ, ಕೇಂದ್ರ ಸರ್ಕಾರದ ವಿಶೇಷ ಅಧಿಸೂಚನೆಯಿಲ್ಲದೆ ಆ ಕಾಯಿದೆಯು ಪರಿಶಿಷ್ಟ ಪಂಗಡಗಳಿಗೆ ಅನ್ವಯಿಸದು. 1956ರ ದತ್ತಕ ಮತ್ತು ಜೀವನಾಂಶ ಕಾಯಿದೆಯೂ ಹಾಗೆಯೇ. ಆದುದರಿಂದ ಜೇನುಕುರುಬರ, ಕಾಡುಕುರುಬರ, ಯರವರ ಹಾಡಿಗಳಲ್ಲಿ ಮದುವೆ ಬಿಡುಗಡೆಗಳು ಇಂದಿಗೂ ಸಂಪ್ರದಾಯಕ್ಕೆ ಅಧೀನ. ಜಾತಿ ಮತಗಳನ್ನು ಕೇಳದ ದಂಡಪ್ರಕ್ರಿಯೆಯ ಬಾಗಿಲು ಮಾತ್ರ ಹಾಡಿಯ ಮಗುವಿಗೂ ತೆರೆದಿದೆ. ಅಲ್ಲಿಗೆ ಹೋಗಲು ಸ್ತ್ರೀಯರಿಗೂ ಮಕ್ಕಳಿಗೂ ಪರಿಶಿಷ್ಟರಿಗೂ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಉಚಿತ ನೆರವುಂಟು.

ಸ್ಥಿತಿಗತಿಗಳ ಬದಲಾವಣೆಯೆಂಬುದು ಇಲ್ಲಿ ಕಾಯಿದೆಯ ಪುಸ್ತಕದೊಳಗಿನ ಮಾತಲ್ಲ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಹೊಗೆಸೊಪ್ಪಿನ ರೈತನಿಗೆ ಹಣ ಬರುವುದು ಹರಾಜು ಕಟ್ಟೆ ತೆರೆದ ಮೇಲೆ. ಮಗುವಿನ ಶಾಲೆ ತೆರೆಯುವುದಾದರೋ ಅದಕ್ಕೆ ತಿಂಗಳುಗಳ ಮುಂಚೆ. ಕೊಡಗಿನ ಕಾಫಿತೋಟಗಳಿಗೆ ಕೂಲಿಗೆ ಹೋಗುವವರ ಸಂಪಾದನೆ ಋತುವಿನಿಂದ ಋತುವಿಗೆ ಬೇರೆ. ತಂದೆಯ ಬೆಳೆ ಕೆಟ್ಟ ವರ್ಷವೂ ಬದಲಾವಣೆಯೇ, ತಾಯಿಗೆ ನೌಕರಿ ದೊರೆತುದೂ ಬದಲಾವಣೆಯೇ, ಮಗು ಅಂಗನವಾಡಿಯಿಂದ ಪ್ರೌಢಶಾಲೆಗೆ ಬೆಳೆದುದೂ ಬದಲಾವಣೆಯೇ.

ಇದರ ಮೇಲೆ ಈಚೆಗೆ ಜಂಟಿ ಪಾಲನೆಯ ವಿಚಾರ ಬಂದಿದೆ. 2013ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಒಂದು ಪ್ರಕರಣದಲ್ಲಿ, ಬಾಲಕನು ವರ್ಷದ ಮೊದಲ ಆರು ತಿಂಗಳು ತಂದೆಯೊಡನೆಯೂ ಉಳಿದ ಆರು ತಿಂಗಳು ತಾಯಿಯೊಡನೆಯೂ ಇರತಕ್ಕದ್ದೆಂದೂ, ವಿದ್ಯಾಭ್ಯಾಸಾದಿ ವೆಚ್ಚವನ್ನು ಇಬ್ಬರೂ ಸಮನಾಗಿ ಹೊರತಕ್ಕದ್ದೆಂದೂ ವಿಧಿಸಿತು. 2015ರಲ್ಲಿ ಕಾನೂನು ಆಯೋಗವು ತನ್ನ 257ನೆಯ ವರದಿಯಲ್ಲಿ ಜಂಟಿ ಪಾಲನೆಯನ್ನು ಶಿಫಾರಸು ಮಾಡಿದರೂ ಅದು ಶಾಸನವಾಗಲಿಲ್ಲ. 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಜೀವನಾಂಶದ ಪ್ರಕರಣಗಳಲ್ಲಿ ಉಭಯ ಪಕ್ಷಗಳೂ ಆಸ್ತಿ ಋಣಗಳನ್ನು ಪ್ರಮಾಣಪತ್ರದ ಮೂಲಕ ಬಯಲುಮಾಡಬೇಕೆಂದು ಕಡ್ಡಾಯಗೊಳಿಸಿತು.

ದಿನಗಳನ್ನು ಸಮನಾಗಿ ಹಂಚಿದಾಕ್ಷಣ ವೆಚ್ಚವೂ ಸಮನಾಗಿ ಹಂಚಿಹೋಯಿತೆಂದು ತಿಳಿಯುವುದು ಭ್ರಮೆ. ಮಗು ತಂದೆಯ ಮನೆಯಲ್ಲಿ ಹೆಚ್ಚು ದಿನ ಉಂಡರೆ ತಾಯಿಯ ಅಡುಗೆಯ ಖರ್ಚು ತಗ್ಗಬಹುದು; ಶಾಲೆಯ ಶುಲ್ಕ, ಔಷಧಿ, ಎರಡೂ ಮನೆಗಳ ಬಾಡಿಗೆ ತಗ್ಗುವುದಿಲ್ಲ. ಆದಾಯಗಳು ಅಸಮವಾಗಿರುವಲ್ಲಿ ಸಮಭಾಗವು ಬಡವರ ಮೇಲೆಯೇ ಹೆಚ್ಚಿನ ಭಾರವಾಗುತ್ತದೆ. ಹಾಗೆಂದು ಹೊಸ ಏರ್ಪಾಡನ್ನು ನೆಪಮಾಡಿಕೊಂಡು ಹಣವನ್ನು ತಾನಾಗಿ ನಿಲ್ಲಿಸುವ ಅಧಿಕಾರ ಯಾರಿಗೂ ಇಲ್ಲ. ನ್ಯಾಯಾಲಯ ಮಾರ್ಪಡಿಸುವ ಪರಿಯಂತ ಹಳೆಯ ಆಜ್ಞೆಯೇ ಆಜ್ಞೆ, ಬಾಕಿಗೆ ಸೆರೆವಾಸವೂ ಉಂಟು. ಯಜಮಾನರ ಕಟ್ಟೆ ಮಗು ಯಾರದೆಂದು ಕೇಳಿತು. ಸಂಹಿತೆ ಮಗುವಿಗೆ ಏನು ಬೇಕೆಂದು ಕೇಳಲು ಕಲಿಸಿತು. ಜಂಟಿ ಪಾಲನೆಯ ಕಾಲದಲ್ಲಿ ದಿನಗಳ ಎಣಿಕೆಯು ಮೊದಲನೆಯ ಪ್ರಶ್ನೆಯನ್ನೇ ವೇಷ ಬದಲಿಸಿ ಮರಳಿ ತಾರದಂತೆ ನೋಡಿಕೊಳ್ಳುವುದು ನ್ಯಾಯಾಧೀಶರ ಹೊಣೆಯೆಷ್ಟೋ ತಂದೆತಾಯಿಗಳ ಹೊಣೆಯೂ ಅಷ್ಟೇ.