ದತ್ತಿ ಬಿಟ್ಟವರು, ದತ್ತು ತಗೊಂಡವರು

ಕೂಸನ್ನು ದತ್ತು ತಗೊಳ್ಳುವುದು ಹಳೆಯ ಮಾತು, ಊರನ್ನು ದತ್ತು ತಗೊಳ್ಳುವುದು ಹೊಸದು. ಈಗ ಶಾಲೆ, ಕೆರೆ, ಅಂಗನವಾಡಿ, ಮೃಗಾಲಯದ ಹುಲಿ, ಕಡೆಗೆ ಇಡೀ ಹಳ್ಳಿಯೇ ದತ್ತು ಹೋಗುತ್ತದೆ. ಕಂಪನಿಯ ಪ್ರಚಾರ ವಿಭಾಗ ಪ್ರಕಟಣೆ ಕಳಿಸುತ್ತದೆ, ಪತ್ರಿಕೆಯಲ್ಲಿ ಫೋಟೊ ಬರುತ್ತದೆ, ಊರಿನ ಅಗಸಿಯಲ್ಲಿ ಬೋರ್ಡು ನಿಲ್ಲುತ್ತದೆ. ಈ ಪದ ಎಲ್ಲಿಂದ ಹೊರಟಿತು, ಏನನ್ನು ಕಳಕೊಂಡು ಇಲ್ಲಿಗೆ ಬಂತು ಎಂದು ನೋಡಲು ಪುರ್ತಗೇರಿ, ಗಜೇಂದ್ರಗಡ, ರೋಣ, ನರಗುಂದದ ಸೀಮೆಗಿಂತ ಒಳ್ಳೆಯ ಜಾಗ ಇಲ್ಲ.

‘ದತ್ತು’ ಮತ್ತು ‘ದತ್ತಿ’ ಒಂದೇ ಬೇರಿನವು. ಸಂಸ್ಕೃತದ ‘ದಾ’ ಧಾತುವಿನಿಂದ ‘ದತ್ತ’, ಅಂದರೆ ಕೊಟ್ಟದ್ದು. ಕನ್ನಡದಲ್ಲಿ ‘ದತ್ತಿ’ಯ ತವರು ಕಲ್ಲು. ಗಜೇಂದ್ರಗಡದ ಹತ್ತಿರದ ಸೂಡಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಿವೆ. ಕಿಸುಕಾಡು ಎಪ್ಪತ್ತನ್ನು ಆಳಿದ ಅಕ್ಕಾದೇವಿಯ ಹೆಸರು ಅಲ್ಲಿದೆ, ‘ಎಂಟು ಸೆಟ್ಟಿ, ಎಂಬತ್ತು ಒಕ್ಕಲು’ ಎಂಬ ಊರಿನ ಸಂಸ್ಥೆಯ ಹಕ್ಕು ಕಟ್ಟಳೆಗಳೂ ಅಲ್ಲಿವೆ. ಆ ಕಾಲದ ಒಂದು ದಾನಶಾಸನವನ್ನು ಸಾಲು ಸಾಲಾಗಿ ಓದಿದರೆ ಅದರ ಜಾಡು ಸಿಗುತ್ತದೆ. ಮೇಲೆ ಸೂರ್ಯ, ಚಂದ್ರ, ಲಿಂಗ, ಕರುವಿಗೆ ಹಾಲೂಡುವ ಹಸು. ಕೆಳಗೆ ಅರಸನ ಬಿರುದು, ದಾನಿಯ ಹೊಗಳಿಕೆ. ಆಮೇಲೆ ಲೆಕ್ಕ: ಎಷ್ಟು ಮತ್ತರು ಭೂಮಿ, ಯಾವ ಕೋಲಿನಿಂದ ಅಳೆದದ್ದು, ನಾಲ್ಕು ದಿಕ್ಕಿನ ಎಲ್ಲೆ ಯಾವುದು, ನಂದಾದೀಪಕ್ಕೆಷ್ಟು, ಓದುವ ಹುಡುಗರ ಊಟಕ್ಕೆಷ್ಟು, ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆಷ್ಟು. ಕಡೆಗೆ ಶಾಪ: ತಾನು ಕೊಟ್ಟದ್ದಾಗಲಿ ಬೇರೆಯವರು ಕೊಟ್ಟದ್ದಾಗಲಿ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೊಲಸಿನ ಹುಳುವಾಗಿ ಹುಟ್ಟುತ್ತಾನೆ.

ದಾನಿ ಹೆಸರು ಹೇಳಿಕೊಳ್ಳಬಾರದು ಎಂಬ ನೀತಿ ಇಲ್ಲಿ ಇಲ್ಲವೇ ಇಲ್ಲ. ಹೆಸರು ಜೋರಾಗಿಯೇ ಇದೆ. ಆದರೆ ಹೆಸರಿನ ಹಿಂದೆಯೇ ಅಳತೆ ಬರುತ್ತದೆ, ಅಳತೆಯ ಹಿಂದೆ ರಿಪೇರಿಯ ಖರ್ಚು ಬರುತ್ತದೆ. ಶಾಪ ಮೊದಲು ತಾಗುವುದು ದಾನಿಗೆ ಮತ್ತು ಅವನ ವಂಶಕ್ಕೆ. ಪ್ರಚಾರವೇ ಕರಾರೂ ಆಗಿತ್ತು. ಒಡೆದದ್ದನ್ನು, ಬಿರುಕು ಬಿಟ್ಟದ್ದನ್ನು ಸರಿಮಾಡಲು ಕೊಡುವ ದಿನವೇ ಹಣ ತೆಗೆದಿಡಬೇಕು ಎಂಬ ವಿವೇಕ ಸಾವಿರ ವರ್ಷದ ಹಿಂದೆ ಇತ್ತು. ಇವತ್ತು ಶಾಲೆಗೆ ಶುದ್ಧ ನೀರಿನ ಯಂತ್ರ ಕೊಡುವ ಎಷ್ಟು ಜನ ಅದರ ಫಿಲ್ಟರಿನ ಖರ್ಚು ಯೋಚಿಸುತ್ತಾರೆ?

ಆ ಕಲ್ಲುಗಳೂ ಪೂರ್ತಿ ನಿರ್ಮಲವಲ್ಲ. ಬಿಟ್ಟ ಭೂಮಿಯನ್ನು ಉತ್ತವರ ಹೆಸರು ಅವುಗಳಲ್ಲಿ ಸಿಗುವುದು ಅಪರೂಪ. ಆದರೂ ಅಲ್ಲಿನ ಕ್ರಿಯಾಪದವನ್ನು ಗಮನಿಸಬೇಕು. ದತ್ತಿಯನ್ನು ‘ಬಿಡು’ತ್ತಿದ್ದರು: ‘ಬಿಟ್ಟ ದತ್ತಿ’, ‘ಬಿಟ್ಟ ಧರ್ಮ’. ಕೈಯಿಂದ ನೀರೆರೆದು ಬಿಟ್ಟ ಮೇಲೆ ಅದು ದಾನಿಯದಲ್ಲ.

ಮುಂದೆ ಆಡಳಿತದ ಮಾತು ಬದಲಾಗಿ ದತ್ತಿಯ ಜಾಗಕ್ಕೆ ‘ಇನಾಮು’ ಬಂತು. ದತ್ತಿ ಸಭೆ ಮತ್ತು ಕಚೇರಿಗಳಿಗೆ ಸರಿಯಿತು. ಧಾರ್ಮಿಕ ದತ್ತಿ ಇಲಾಖೆಯಲ್ಲಿ ಅದಿದೆ, ಸಾಹಿತ್ಯ ಪರಿಷತ್ತಿನ ದತ್ತಿ ಉಪನ್ಯಾಸದಲ್ಲೂ ಇದೆ. ಅಲ್ಲೂ ಹಳೆಯ ಗುಣ ಉಳಿದಿದೆ: ಅಸಲು ಮುಟ್ಟುವಂತಿಲ್ಲ, ಬಡ್ಡಿಯಲ್ಲೇ ಕಾರ್ಯಕ್ರಮ.

‘ದತ್ತು’ ಹಿಡಿದ ದಾರಿ ಬೇರೆ. ಅದು ಮನೆಯ ಮಾತು, ವಂಶದ ಮಾತು. ಈ ಭಾಗದಲ್ಲಿ ಅದಕ್ಕಾಗಿ ನೆತ್ತರೂ ಹರಿದಿದೆ. ಕಿತ್ತೂರಿನ ದತ್ತಕವನ್ನು ಈಸ್ಟ್ ಇಂಡಿಯಾ ಕಂಪನಿ ಸರಕಾರ ಒಪ್ಪದೆ 1824ರಲ್ಲಿ ಯುದ್ಧವಾಯಿತು. ನರಗುಂದದ ಬಾಬಾಸಾಹೇಬ ಭಾಸ್ಕರರಾವ್ ಭಾವೆಗೂ ದತ್ತಕದ ಒಪ್ಪಿಗೆ ಸಿಗಲಿಲ್ಲ. ಅವನ ಬಂಡಾಯದ ಕಾರಣಗಳಲ್ಲಿ ಅದೂ ಒಂದು. 1858ರ ಮೇ 29ರಂದು ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಸುರೇಬಾನದಲ್ಲಿ ಹತನಾದ. ಜೂನ್ 12ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ದತ್ತು ಎಂದರೆ ಹೆಸರು, ಆಸ್ತಿ, ತಿಥಿ ಮಾಡುವ ಹಕ್ಕು ಎಲ್ಲವನ್ನೂ ಒಪ್ಪಿಸುವುದು. 1956ರ ಹಿಂದೂ ದತ್ತಕ ಕಾಯ್ದೆಯ 15ನೇ ಕಲಂ ಇದನ್ನೇ ಬಿಗಿ ಮಾಡಿದೆ: ಕ್ರಮಬದ್ಧವಾಗಿ ಆದ ದತ್ತಕವನ್ನು ತಂದೆ ತಾಯಿ ರದ್ದು ಮಾಡುವಂತಿಲ್ಲ.

ಇಂಥ ಭಾರದ ಪದ ಊರಿಗೆ ಅಂಟಿದ್ದನ್ನು ಈ ಸೀಮೆ 2009ರಲ್ಲಿ ಹತ್ತಿರದಿಂದ ಕಂಡಿತು. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆಗೆ ಮಲಪ್ರಭೆ ಉಕ್ಕಿ ಹೊಳೆಆಲೂರು, ಮೆಣಸಗಿಯಂಥ ಊರುಗಳು ನೀರು ಪಾಲಾದವು. ಸರಕಾರದ ‘ಆಸರೆ’ ಯೋಜನೆಯಲ್ಲಿ ಕಂಪನಿಗಳು, ಮಠಗಳು, ಸಂಸ್ಥೆಗಳು ಹಳ್ಳಿಗಳನ್ನು ದತ್ತು ತಗೊಂಡು ಮನೆ ಕಟ್ಟಿದವು. ಸೂರಿಲ್ಲದವರಿಗೆ ಅದು ದೊಡ್ಡ ನೆರವೇ. ಆದರೆ ದನ ಕಟ್ಟಲು, ಮೇವು ಒಟ್ಟಲು ಜಾಗವಿಲ್ಲ, ಹೊಲ ದೂರ, ಹಕ್ಕುಪತ್ರ ಸಿಕ್ಕಿಲ್ಲ ಎಂಬ ದೂರುಗಳ ನಡುವೆ ಎಷ್ಟೋ ಮನೆ ಖಾಲಿ ಉಳಿದವು. 2019ರ ಆಗಸ್ಟಿನಲ್ಲಿ ಹೊಳೆ ಮತ್ತೆ ಬಂತು. ಕೀಲಿಕೈ ಹಸ್ತಾಂತರದ ಫೋಟೊಕ್ಕೆ ನಿಂತವರಲ್ಲಿ ಬಾಗಿಲ ಚೌಕಟ್ಟಿಗೆ ಗೆದ್ದಲು ಹಿಡಿದ ಮೇಲೂ ಬಂದು ನೋಡಿದವರು ಎಷ್ಟು ಮಂದಿ ಎಂದು ಕೇಳುವುದು ಕೃತಘ್ನತೆಯಲ್ಲ. ‘ದತ್ತು’ ಎಂದವರನ್ನು ಕೇಳಲೇಬೇಕಾದ ಪ್ರಶ್ನೆ ಅದು.

ಕಾನೂನು ಕೂಡ ಈಚೆಗೆ ಕೊಡುವಿಕೆಯನ್ನು ಲೆಕ್ಕಕ್ಕೆ ತಂದಿದೆ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಖರ್ಚಾಯಿತು ಎಂದು ತೋರಿಸಲು ಮುಖಗಳು ಬೇಕು. ಇಲ್ಲಿ ಅದೇ ಬೇರಿನ ಮೂರನೆಯ ಪದ ಬರುತ್ತದೆ: ‘ದತ್ತಾಂಶ’. ಲ್ಯಾಟಿನ್ ಮೂಲದ ‘ಡೇಟಾ’ಕ್ಕೆ ನಾವು ಕಟ್ಟಿಕೊಂಡ ಪದ ಇದು, ಎರಡರ ಅರ್ಥವೂ ಕೊಟ್ಟದ್ದು. ಯಾರು ಕೊಟ್ಟದ್ದು? ‘ಫಲಾನುಭವಿ’ ಎಂದು ಕರೆಸಿಕೊಂಡವರೇ. ವಿಧವೆ ತನ್ನ ಕಣ್ಣೀರನ್ನು, ಹುಡುಗಿ ಯೂನಿಫಾರ್ಮಿಲ್ಲದ ತನ್ನ ಫೋಟೊವನ್ನು, ರೈತ ತನ್ನ ಸಾಲದ ಕಥೆಯನ್ನು ಸಂಸ್ಥೆಗೆ ಕೊಡುತ್ತಾರೆ. ಆ ದಾನಕ್ಕೆ ಕಲ್ಲಿಲ್ಲ, ಕರಾರಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಯ ಮಾತಾಡುತ್ತದೆ. ಆದರೆ ಅಕ್ಕಿ ಚೀಲ ಎದುರಿಗಿಟ್ಟುಕೊಂಡು ಕೇಳಿದ ಒಪ್ಪಿಗೆ ಒಪ್ಪಿಗೆಯಲ್ಲ.

ಬೇರೆ ದಾರಿಯನ್ನು ಗದಗಿನ ವೀರೇಶ್ವರ ಪುಣ್ಯಾಶ್ರಮ ಬಹಳ ಹಿಂದೆಯೇ ತೋರಿಸಿದೆ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳನ್ನು ಸಾಕಲು ನಾಟಕ ಕಂಪನಿ ನಡೆಸಿದರು. ಕಣ್ಣಿಲ್ಲದವರ ಹಾಡುಗಾರಿಕೆ, ಅಭಿನಯ ನೋಡಲು ಜನ ಟಿಕೆಟ್ ಕೊಂಡು ಬಂದರು. ಊರೂರಿಗೆ ತೋರಿಸಿದ್ದು ಮಕ್ಕಳ ಕುರುಡನ್ನಲ್ಲ, ವಿದ್ಯೆಯನ್ನು. ಪ್ರಚಾರ ಅಲ್ಲೂ ಇತ್ತು, ಹಣವೂ ಬಂತು. ಯಾರೂ ತಲೆ ತಗ್ಗಿಸಬೇಕಾಗಿರಲಿಲ್ಲ.

ಊರಿಗೆ ಬೋರ್ಡು ನೆಡುವವರಲ್ಲಿ ಒಂದು ಕೇಳಿಕೆ. ಹೆಸರನ್ನು ಎಷ್ಟು ಬೇಕಾದರೂ ದೊಡ್ಡದಾಗಿ ಬರೆಯಿರಿ. ಅದರ ಕೆಳಗೆ ಎಷ್ಟು ಹಣ, ಎಷ್ಟು ವರ್ಷ, ಕೆಟ್ಟರೆ ಯಾರು ಸರಿಮಾಡುತ್ತಾರೆ ಎಂಬುದನ್ನೂ ಬರೆಯಿರಿ. ಮೂರೇ ವರ್ಷದ ಕೆಲಸವಾದರೆ ಅದನ್ನು ದತ್ತು ಎನ್ನಬೇಡಿ. ‘ನೆರವು’ ಎಂಬ ಪ್ರಾಮಾಣಿಕ ಪದ ಕನ್ನಡದಲ್ಲಿ ಮೊದಲಿಂದಲೂ ಇದೆ.